ಹಿಮ್ಮಡಿಗೆ ಅಂಟಿದ ಎರೆಮಣ್ಣು

ಹೊಟ್ಟೆಕಿಚ್ಚು ಕೆಟ್ಟವರಿಗೆ ಬಂದರೆ ಅಷ್ಟು ತೊಂದರೆಯಿಲ್ಲ, ಅವರಿಗೆ ರೂಢಿ ಇರುತ್ತದೆ. ರಾವಸಾಬನಂಥ ಒಳ್ಳೆಯ ಮನುಷ್ಯನಿಗೆ ಬಂದರೆ ಕಷ್ಟ. ಅದನ್ನು ಎಲ್ಲಿ ಮುಚ್ಚಿಡಬೇಕು, ಯಾರೆದುರು ಹಲ್ಲು ಕಿರಿಯಬೇಕು ಎಂಬುದು ತಿಳಿಯದೆ ಅವನು ಮೂರು ತಿಂಗಳಿಂದ ಒದ್ದಾಡುತ್ತಿದ್ದ.

ಸಿಂದಗಿಯ ಆ ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಫುಟ್‌ಬಾಲ್ ಎಂದರೆ ರಾವಸಾಬ. ಹರಿದ ಬಲೆ ಹೊಲಿಯುವವನು ಅವನೇ, ಸುಣ್ಣದ ಗೆರೆ ಎಳೆಯುವವನು ಅವನೇ, ಚೆಂಡಿಗೆ ಗಾಳಿ ತುಂಬುವವನೂ ಅವನೇ. ಅವನ ತಂಡ ಪ್ರತಿ ವರ್ಷ ಸೆಮಿಫೈನಲ್ ತನಕ ಹೋಗುತ್ತಿತ್ತು, ಪ್ರತಿ ವರ್ಷ ಅಲ್ಲೇ ಮುಗ್ಗರಿಸುತ್ತಿತ್ತು. ಒಮ್ಮೆ ಇಂಡಿ ಕಾಲೇಜಿನವರ ಕೈಲಿ, ಒಮ್ಮೆ ಮುದ್ದೇಬಿಹಾಳದವರ ಕೈಲಿ. ವಿಜಯಪುರದಲ್ಲಿ ನಡೆಯುವ ಫೈನಲ್ಲನ್ನು ಅವನು ಹದಿನಾಲ್ಕು ಸಲವೂ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಯಾರದೋ ತಂಡಕ್ಕೆ ಚಪ್ಪಾಳೆ ತಟ್ಟಿ ಬಂದಿದ್ದ. ಈ ವರ್ಷ ಆಡಳಿತ ಮಂಡಳಿಯವರಿಗೆ ಏನು ಹೊಳೆಯಿತೋ, ಹೆಡ್ ಕೋಚ್ ಎಂಬ ಹೊಸ ಹುದ್ದೆಯನ್ನೇ ಹುಟ್ಟಿಸಿ ಒಬ್ಬನನ್ನು ತಂದು ಕೂರಿಸಿದರು. ರಾವಸಾಬ ಅವನ ಸಹಾಯಕನಾದ.

ಬಂದವನು ಹೊರಗಿನವನಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಬಂದವನು ಲಚ್ಯಾಣದ ಅರುಣಕುಮಾರ. ಹನ್ನೆರಡು ವರ್ಷದ ಹಿಂದೆ ಇದೇ ಮೈದಾನದಲ್ಲಿ ಬೂಟಿನ ದಾರ ಕಟ್ಟಲು ಬಾರದೆ ನಿಂತಿದ್ದ ಹುಡುಗ. ಆ ದಾರ ಕಟ್ಟಿದವನು ರಾವಸಾಬ. ಚೆಂಡನ್ನು ಕಾಲಿನ ತುದಿಯಿಂದಲ್ಲ, ಒಳಬದಿಯಿಂದ ತಳ್ಳಬೇಕು ಎಂದು ಹೇಳಿಕೊಟ್ಟವನು ರಾವಸಾಬ. ಆಮೇಲೆ ಅರುಣ ಎಲ್ಲೆಲ್ಲೋ ಆಡಿದ, ತರಬೇತಿಯ ಡಿಪ್ಲೊಮಾ ಮಾಡಿಕೊಂಡ, ಕಪ್ಪು ಟ್ರ್ಯಾಕ್ ಸೂಟ್ ತೊಟ್ಟು ತಿರುಗಿ ಬಂದ. ಬಂದವನೇ ಮೈದಾನದ ತುಂಬ ಕೇಸರಿ ಬಣ್ಣದ, ಟೊಪ್ಪಿಗೆಯಂಥ ಪ್ಲಾಸ್ಟಿಕ್ ಕೋನ್‌ಗಳನ್ನು ಸಾಲಾಗಿ ಇಟ್ಟ. ಉದ್ದಕ್ಕೆ ಒದೆಯುವುದು ಬೇಡ, ಚೆಂಡು ನೆಲ ಬಿಡಬಾರದು, ಗೋಲ್‌ಕೀಪರಿನಿಂದ ಶುರುವಾಗಿ ಒಬ್ಬರಿಂದೊಬ್ಬರಿಗೆ ಹತ್ತಿರ ಹತ್ತಿರ ದಾಟಿಸುತ್ತಾ ಮುಂದೆ ಹೋಗಬೇಕು ಎಂದ. ರಾವಸಾಬ ಮೂಲೆಯಲ್ಲಿ ನಿಂತು, ಒಂದು ವಾರದಲ್ಲಿ ಹುಡುಗರು ಬೇಸತ್ತು ತನ್ನ ಹತ್ತಿರ ಬರುತ್ತಾರೆ ಎಂದು ಕಾದ.

ಯಾರೂ ಬರಲಿಲ್ಲ. ಬದಲಿಗೆ ಹುಡುಗರು ಅರುಣನ ಹಾಗೆ ಕೂದಲು ಕತ್ತರಿಸಿಕೊಂಡರು. ಮೊದಲ ಪಂದ್ಯದಲ್ಲೇ ಮುದ್ದೇಬಿಹಾಳದವರಿಗೆ ನಾಲ್ಕು ಗೋಲು ಹೊಡೆದರು. ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂತು, ಕೆಳಗೆ 'ಹೊಸ ಕೋಚ್, ಹೊಸ ಹುರುಪು' ಎಂಬ ಸಾಲು. ಫೋಟೊದ ಅಂಚಿನಲ್ಲಿ ಒಂದು ಕಿವಿ, ಅರ್ಧ ಭುಜ ಕಾಣುತ್ತಿತ್ತು. ಅದು ರಾವಸಾಬನದು. ಅವನು ಆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಹೆಂಡತಿ ಸುರೇಖಾ ಶೇಂಗಾ ಹುರಿಯುವಾಗ ಬಾಣಲೆಯ ಕೆಳಗಿನ ಉರಿಗೆ ಹಾಕಿದ.

"ಮೂರು ತಿಂಗಳಾತು, ಊಟಕ್ಕ ಕುಂತ್ರೂ ಅರುಣ, ಚಾ ಕುಡಿದ್ರೂ ಅರುಣ," ಎಂದಳು ಸುರೇಖಾ. "ನೀವ ಕಲಿಸಿದ ಹುಡುಗ ಅಲ್ರಿ ಅಂವ? ಖುಷಿ ಪಡ್ರಲಾ."

"ಅದಕ್ಕ ಉರೀತೈತಿ," ಎಂದ ರಾವಸಾಬ. "ಬ್ಯಾರೆಯಾಂವ ಆಗಿದ್ರ ಇಷ್ಟ ಉರೀತಿದ್ದಿಲ್ಲ."

ಸುರೇಖಾ ಶೇಂಗಾ ತಿರುವಿದಳು. ಆದರೂ ರಾವಸಾಬನಿಗೆ ಒಂದು ಸಮಾಧಾನವಿತ್ತು. ಸೆಮಿಫೈನಲ್ ಇನ್ನೂ ಬಾಕಿ ಇತ್ತು, ಎದುರಾಳಿ ಇಂಡಿ. ಪ್ರಾಚಾರ್ಯರು ಅವನೆದುರೇ ಅರುಣನಿಗೆ, ಈ ವರ್ಷ ಫೈನಲ್ ಮುಟ್ಟದಿದ್ದರೆ ಮಂಡಳಿಯವರು ಮುಂದಿನ ವರ್ಷಕ್ಕೆ ನಿನ್ನನ್ನು ಇಟ್ಟುಕೊಳ್ಳುವುದು ಅನುಮಾನ ಎಂದಿದ್ದರು. ಅರುಣ ಗೆದ್ದರೆ ರಾವಸಾಬನ ಹದಿನಾಲ್ಕು ವರ್ಷ ಬರೀ ಸುಣ್ಣ ಹಾಕಿದ ಲೆಕ್ಕಕ್ಕೆ ಹೋಗುತ್ತದೆ. ಸೋತರೆ, ರಾವಸಾಬ ಸರ್ ಇದ್ದಾಗಲೂ ಇಲ್ಲಿಯ ತನಕ ಬರುತ್ತಿದ್ದೆವಲ್ಲ ಎಂದು ಜನ ಒಂದು ಮಾತಾದರೂ ಆಡುತ್ತಾರೆ. ಆ ಒಂದು ಮಾತಿಗಾಗಿ ಅವನು ಬಾಯಾರಿ ಕೂತಿದ್ದ.

ಪಂದ್ಯ ಬಸವನ ಬಾಗೇವಾಡಿಯಲ್ಲಿ. ಬೆಳಗಿನ ಐದಕ್ಕೆ ಟೆಂಪೊ ಹೊರಟಿತು, ಏಳರ ಹೊತ್ತಿಗೆ ಮೈದಾನದ ಗೇಟಿನಲ್ಲಿ ನಿಂತಿತು. ಎರಡು ದಿನದ ಹಿಂದೆ ದೊಡ್ಡ ಮಳೆಯಾಗಿ, ಆಮೇಲೆ ಬಿಸಿಲು ಬಿದ್ದಿತ್ತು. ಹುಡುಗರೆಲ್ಲ ಹಸಿದಿದ್ದರು.

"ಸರ್, ನಾ ಹುಡುಗ್ರಿಗೆ ನಾಷ್ಟಾ ಮಾಡಿಸ್ಕೊಂಡ ಬರ್ತೇನ್ರಿ," ಎಂದ ಅರುಣ. "ಗ್ರೌಂಡ್ ನೀವ ನೋಡ್ರಿ. ನಿಮ್ಮ ಕಾಲಿಗೆ ತಿಳಿದಷ್ಟ ನನಗ ತಿಳಿಯಂಗಿಲ್ಲ."

"ಆತ್ರಿ ಕೋಚ್ ಸಾಹೇಬ್ರ," ಎಂದ ರಾವಸಾಬ. ಹೀಗೆ ಕರೆದಾಗಲೆಲ್ಲ ಅರುಣನ ಮುಖ ಸಣ್ಣದಾಗುತ್ತಿತ್ತು. ಅಷ್ಟು ಸಿಕ್ಕರೂ ರಾವಸಾಬನಿಗೆ ಆ ದಿನಕ್ಕೆ ಸಾಕಾಗುತ್ತಿತ್ತು.

ಮೈದಾನ ನೋಡುವುದು ಅವನ ಹಳೆಯ ಪದ್ಧತಿ. ಪಂದ್ಯದ ಬೆಳಗ್ಗೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಚಿ, ಇಡೀ ಮೈದಾನವನ್ನು ಬರಿಗಾಲಲ್ಲಿ ತುಳಿಯುತ್ತಿದ್ದ. ಬಿತ್ತುವ ಮುಂಚೆ ಅವನಪ್ಪ ಹೊಲದ ಹದ ನೋಡುತ್ತಿದ್ದ ರೀತಿ ಅದು. ಬೂಟು ಹಾಕಿಕೊಂಡ ಮೇಲೆ ನೆಲ ಏನೂ ಹೇಳುವುದಿಲ್ಲ ಎಂದು ಅವನು ಪ್ರತಿ ತಂಡಕ್ಕೂ ಹೇಳಿಕೊಡುತ್ತಿದ್ದ. ಅರುಣನಿಗೂ ಹೇಳಿಕೊಟ್ಟಿದ್ದ.

ಪಡುವಣ ಅರ್ಧ ಗಟ್ಟಿಯಾಗಿತ್ತು. ಮೂಡಣ ಅರ್ಧಕ್ಕೆ ಬಂದು, ನೀರಿನ ಟಾಕಿಯ ಕಡೆ ಹತ್ತು ಹೆಜ್ಜೆ ಇಟ್ಟನೋ ಇಲ್ಲವೋ, ಕಾಲು ಸರಕ್ಕನೆ ಒಳಗೆ ಹೋಯಿತು. ಮೇಲೆ ಒಣಗಿದ ಪದರ, ಕೆಳಗೆ ಹಸಿ ಎರೆ, ಅಂಟುವ ಕಪ್ಪು ಮಣ್ಣು. ನೋಡಿದವರ ಕಣ್ಣಿಗೆ ಎರಡೂ ಕಡೆ ಒಂದೇ ಬಣ್ಣ. ರಾವಸಾಬ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಮುಕಿದ. ಅದು ಮುದ್ದೆಯಾಗಿ ಅಂಗೈಯಲ್ಲೇ ಕೂತಿತು. ಈ ನೆಲದ ಮೇಲೆ ಚೆಂಡು ಉರುಳುವುದಿಲ್ಲ. ಮೆಲ್ಲಗೆ ದಾಟಿಸಿದ ಚೆಂಡು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಅರುಣ ಮೂರು ತಿಂಗಳು ಕಲಿಸಿದ ಆಟವೆಲ್ಲ ಇಲ್ಲಿ ಮಣ್ಣುಪಾಲು.

ಅವನು ಅಲ್ಲೇ ನಿಂತ. ಹೇಳಬೇಕಾದ ಮಾತು ಗಂಟಲಿಗೆ ಬಂತು, ಹಿಂದೆಯೇ ಪತ್ರಿಕೆಯ ಫೋಟೊದ ಕಿವಿಯೂ ನೆನಪಿಗೆ ಬಂತು. ಅವನೇನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದು, ಚಪ್ಪಲಿ ಮೆಟ್ಟಿ, ಪ್ಯಾಂಟಿನ ಮಡಿಕೆ ಬಿಚ್ಚಿ ನೆರಳಲ್ಲಿ ಕೂತ.

ಅರುಣ ಅವನಿಗಾಗಿ ಚುರುಮುರಿ ಸೂಸಲದ ಪೊಟ್ಟಣ, ಎರಡು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದ. "ಹೆಂಗೈತ್ರಿ ಸರ್ ಗ್ರೌಂಡ್?"

"ಛಲೋ ಐತಿ," ಎಂದ ರಾವಸಾಬ. ಮಿರ್ಚಿ ಇನ್ನೂ ಬಿಸಿಯಾಗಿತ್ತು. ತಿಂದ.

ಟಾಸಿಗೆ ಮುಂಚೆ ನಾಯಕ ಮುತ್ತು ಓಡಿ ಬಂದ. "ಸರ್, ಅರುಣ ಸರ್ ನಿಮ್ಮನ್ನ ಕೇಳ ಅಂದ್ರು. ಟಾಸ್ ಗೆದ್ರ ಯಾವ ಕಡಿ ತಗೊಳ್ಳೂಣ್ರಿ?"

ಇದು ಎರಡನೆಯ ಅವಕಾಶ. ದೇವರು ಎಲ್ಲರಿಗೂ ಎರಡೆರಡು ಸಲ ಕೇಳುವುದಿಲ್ಲ. ರಾವಸಾಬ ಮುತ್ತುವಿನ ಕತ್ತರಿಸಿದ ಕೂದಲನ್ನು ನೋಡಿದ, ಥೇಟ್ ಅರುಣನದೇ.

"ಯಾವುದಾದ್ರೂ ಒಂದ ತಗೋ. ಎರಡೂ ಅಷ್ಟ."

ಮುತ್ತು ಟಾಸ್ ಗೆದ್ದ. ಹತ್ತು ಗಂಟೆಯ ಸೂರ್ಯ ಬೆನ್ನಿಗಿರಲಿ ಎಂದು ಮೂಡಣ ಗೋಲನ್ನು ಆರಿಸಿಕೊಂಡ. ಹಸಿ ಎರೆಯೆಲ್ಲ ನಮ್ಮ ಹುಡುಗರ ಪಾಲಿಗೆ ಬಂತು.

ಹನ್ನೆರಡನೆಯ ನಿಮಿಷದಲ್ಲಿ ಗೋಲ್‌ಕೀಪರ್ ಕಾಂತು, ಕಲಿಸಿದ ಹಾಗೆಯೇ, ಪಕ್ಕದ ಹುಡುಗನಿಗೆ ಚೆಂಡು ತಳ್ಳಿದ. ಚೆಂಡು ನಡುವೆ ನಿಂತಿತು. ಇಂಡಿಯವನೊಬ್ಬ ಓಡಿಬಂದು ಒದ್ದ, ಗೋಲು. ಅರ್ಧಕ್ಕೆ ಐದು ನಿಮಿಷ ಇದ್ದಾಗ ಅದೇ ಜಾಗದಲ್ಲಿ ಅದೇ ಕಥೆ, ಎರಡನೆಯ ಗೋಲು. ಆಡುವವರ ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡಿತ್ತು. ಮುತ್ತು ಎರಡು ಸಲ ಬಿದ್ದ. ಹಿಂದಿನ ಸಾಲಿನಲ್ಲಿ ಸಿಂದಗಿಯಿಂದ ಬಂದ ಒಬ್ಬ ಗಟ್ಟಿಯಾಗಿ ಹೇಳಿದ: "ಕೋಚ್ ಹೊಸಬ ಬಂದ್ರೇನು, ಹಳಬ ಇದ್ರೇನು, ನಮ್ಮ ಹಣೇಬರಾ ಇಷ್ಟ ನೋಡ."

ಮೂರು ತಿಂಗಳು ಕಾದ ಮಾತು ಅದೇ. ಅದರಲ್ಲಿ ರಾವಸಾಬನ ಹೆಸರೂ ಇರಲಿಲ್ಲ, ರುಚಿಯೂ ಇರಲಿಲ್ಲ.

ಅರ್ಧ ಆಟ ಮುಗಿದಾಗ ಹುಡುಗರು ತಲೆ ತಗ್ಗಿಸಿ ಗುಂಪಾಗಿ ಕೂತರು. ಅರುಣ ಯಾರನ್ನೂ ಬೈಯಲಿಲ್ಲ. ನೀರಿನ ಬಾಟಲಿ ತೆಗೆಯಲು ರಾವಸಾಬನ ಕುರ್ಚಿಯ ಹತ್ತಿರ ಬಗ್ಗಿದವನು ಹಾಗೆಯೇ ನಿಂತ. ರಾವಸಾಬ ಅವನ ಕಣ್ಣು ಹೋದ ಕಡೆ ನೋಡಿದ. ತನ್ನದೇ ಕಾಲು. ಮುಂದೆಲ್ಲ ಚೊಕ್ಕ ತೊಳೆದಿದ್ದ. ಹಿಂದೆ, ತೊಳೆಯುವಾಗ ಕಣ್ಣಿಗೆ ಬೀಳದ ಕಡೆ, ಕೂತಾಗ ಮೇಲೇರಿದ ಪ್ಯಾಂಟಿನ ಕೆಳಗೆ, ಹಿಮ್ಮಡಿಯಿಂದ ಕಾಲಗಂಟಿನ ತನಕ ಕಪ್ಪು ಎರೆಮಣ್ಣು ಅಂಟಿ ಒಣಗಿತ್ತು. ಗಟ್ಟಿ ನೆಲದ ಮೇಲೆ ನಡೆದವನ ಕಾಲಿಗೆ ಅಷ್ಟು ಎತ್ತರಕ್ಕೆ ಮಣ್ಣು ಹತ್ತುವುದಿಲ್ಲ. ಅದನ್ನು ಅರುಣನಿಗೆ ಕಲಿಸಿದವನು ಅವನೇ.

ಅರುಣ ತಲೆಯೆತ್ತಿ ನೋಡಿದ. ಬೈಗುಳಕ್ಕಾಗಿ ರಾವಸಾಬ ಮೈ ಬಿಗಿಹಿಡಿದು ಕೂತ. ಬೈದರೆ ಎದ್ದು ನಿಂತು ಬೈಯಬಹುದು, ಹದಿನಾಲ್ಕು ವರ್ಷದ್ದನ್ನು ಒಂದೇ ಸಲಕ್ಕೆ ಕಾರಿಕೊಳ್ಳಬಹುದು.

"ಸರ್," ಎಂದ ಅರುಣ ಮೆಲ್ಲಗೆ, "ಆ ಹಸಿ ಎಲ್ಲೀ ಮಟಾ ಐತ್ರಿ?"

ಯಾಕೆ ಹೇಳಲಿಲ್ಲ ಎಂದು ಕೇಳಲೇ ಇಲ್ಲ ಅವನು. ರಾವಸಾಬ ಟಾಕಿಯ ಕಡೆ ಕೈ ತೋರಿಸಿದ. "ನಡು ಗೆರಿ ದಾಟಿ ಹತ್ತ ಹೆಜ್ಜಿ. ಅಲ್ಲಿಂದ ಟಾಕಿ ತನಾ ಪೂರಾ ಹಸಿ. ಚೆಂಡ ಬಿದ್ದಲ್ಲೇ ಕುಂದರತೈತಿ."

"ಕೇಳಿದ್ರೇನ್ರಪಾ?" ಅರುಣ ಹುಡುಗರ ಕಡೆ ತಿರುಗಿದ. "ಈಗ ಅದು ಇಂಡಿಯವರ ಕಡಿ ಬಂತು. ಅಲ್ಲಿ ಉರುಳಿಸೂದ ಬ್ಯಾಡ. ನಡು ಗೆರಿಯಿಂದ ಎತ್ತಿ ಒಗೀರಿ, ಬಿದ್ದಲ್ಲಿಗೆ ಓಡ್ರಿ. ರಾವಸಾಬ ಸರ್ ಆಡಿಸ್ತಿದ್ರಲಾ, ಆ ಆಟ."

ಎರಡನೆಯ ಅರ್ಧದಲ್ಲಿ ರಾವಸಾಬನ ಆಟವೇ ನಡೆಯಿತು. ಉದ್ದಕ್ಕೆ ಎತ್ತಿದ ಒಂದು ಚೆಂಡು ಹಸಿಯಲ್ಲಿ ಕೂತಾಗ ಮುತ್ತು ಎಲ್ಲರಿಗಿಂತ ಮುಂಚೆ ತಲುಪಿ ಗೋಲು ಹೊಡೆದ. ಕೊನೆಯ ನಿಮಿಷದಲ್ಲಿ ಮತ್ತೊಂದು ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ರಾವಸಾಬ ತನಗೆ ಗೊತ್ತಿಲ್ಲದೆ ಎದ್ದು ನಿಂತು ಕೂಗಿದ್ದ. ಸೀಟಿ ಊದಿದಾಗ ಇಂಡಿಗೆ ಎರಡು, ನಮಗೆ ಒಂದು. ಹದಿನೈದನೆಯ ವರ್ಷವೂ ಸೆಮಿಫೈನಲ್ಲಿಗೇ ಮುಗಿಯಿತು.

ಟೆಂಪೊ ಸಿಂದಗಿಯ ಕಡೆ ಹೊರಟಿತು. ಮುತ್ತು ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಅರುಣ ಡ್ರೈವರಿನ ಹಿಂದಿನ ಸೀಟಿನಲ್ಲಿದ್ದ, ರಾವಸಾಬ ಅವನ ಹಿಂದೆ. ಊರು ದಾಟುತ್ತಿದ್ದಂತೆ ಪ್ರಾಚಾರ್ಯರ ಫೋನ್ ಬಂತು. ಗಾಡಿಯ ಸದ್ದಿಗೆ ಕೇಳಿಸಲೆಂದು ಅರುಣ ಸ್ಪೀಕರ್ ಹಾಕಿದ.

"ಏನಪಾ ಅರುಣಕುಮಾರ, ಮುದ್ದೇಬಿಹಾಳಕ್ಕ ನಾಕ ಹೊಡದಾವ್ರು ಇಂಡಿ ಮುಂದ ಹಿಂಗ್ಯಾಕ ಆತು? ಮಂಡಳಿಯವರಿಗೆ ನಾ ಏನ ಹೇಳ್ಲಿ?"

ರಾವಸಾಬ ಸೀಟಿನ ಅಂಚಿಗೆ ಬಂದ. ಈಗ ಹೇಳುತ್ತಾನೆ, ಹೇಳದೆ ಇರಲು ಸಾಧ್ಯವೇ ಇಲ್ಲ, ಅವನ ಅನ್ನದ ಪ್ರಶ್ನೆ.

"ತಪ್ಪ ನಂದೈತ್ರಿ ಸರ್," ಎಂದ ಅರುಣ. "ನೆಲಾ ಒಳಗ ಹಸಿ ಇತ್ತು. ಮುಂಜಾನಿ ನಾನ ನೋಡಬೇಕಿತ್ರಿ, ನೋಡ್ಲಿಲ್ಲ."

ಆಗ ರಾವಸಾಬನ ಹೊಟ್ಟೆಯಲ್ಲಿ ಎದ್ದ ಕಿಚ್ಚಿನ ಮುಂದೆ ಮೂರು ತಿಂಗಳದ್ದು ಏನೂ ಅಲ್ಲ. ಇವನು ತನ್ನ ಹುಡುಗರನ್ನು ತೆಗೆದುಕೊಂಡ, ತನ್ನ ಮೈದಾನವನ್ನು ತೆಗೆದುಕೊಂಡ, ಕಡೆಗೆ ತನ್ನ ಹಳೆಯ ಆಟವನ್ನೂ ತೆಗೆದುಕೊಂಡು ಅದರಿಂದಲೇ ಒಂದು ಗೋಲು ಹೊಡೆಸಿದ. ಈ ದಿನ ತನ್ನದೆಂದು ಉಳಿದದ್ದು ಈ ಒಂದು ತಪ್ಪು. ಅದನ್ನೂ ಎತ್ತಿಕೊಂಡು ಇವನೇ ದೊಡ್ಡವನಾಗುತ್ತಿದ್ದಾನೆ. ಅದೊಂದನ್ನು ಮಾತ್ರ ಬಿಟ್ಟುಕೊಡಲು ಅವನಿಂದ ಆಗಲಿಲ್ಲ.

ಓಡುವ ಗಾಡಿಯಲ್ಲಿ ಎದ್ದು ನಿಂತು, ಸೀಟಿನ ಮೇಲಿಂದ ಬಗ್ಗಿ, ಅರುಣನ ಕೈಯಿಂದ ಫೋನು ಕಿತ್ತುಕೊಂಡ.

"ಸರ್, ನಾ ರಾವಸಾಬ ಮಾತಾಡಾಕತ್ತೇನ್ರಿ. ಗ್ರೌಂಡ್ ಮುಂಜಾನಿ ನಾ ನೋಡೇನ್ರಿ. ಹಸಿ ಐತಿ ಅಂತ ನನಗ ಗೊತ್ತಿತ್ತು. ಅಂವ ಕೇಳಿದ, ಮುತ್ತು ಕೇಳಿದ. ನಾ ಹೇಳ್ಲಿಲ್ಲ."

ಪ್ರಾಚಾರ್ಯರು ಕೇಳಿದರು: "ಯಾಕ ರಾವಸಾಬ?"

ಸುಳ್ಳುಗಳು ನಾಲ್ಕಾರು ಸಿಕ್ಕುತ್ತಿದ್ದವು. ಅವನು ಒಂದನ್ನೂ ಮುಟ್ಟಲಿಲ್ಲ.

"ಹೊಟ್ಟಿಕಿಚ್ಚಿಗ್ರಿ," ಎಂದ.

ಟೆಂಪೊದಲ್ಲಿ ಹದಿನಾರು ಹುಡುಗರಿದ್ದರು. ಎಲ್ಲರಿಗೂ ಕೇಳಿಸಿತು.