ಎರವಲು ಕೋಲು

ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸದಲ್ಲಿದ್ದ ಸೊಸೆಯೊಬ್ಬಳಿಗೆ ಬೇಕಾಗಿದ್ದದ್ದು ಕೂರಲು ಒಂದು ಸ್ಟೂಲು, ಅಷ್ಟೆ. ನೋಡಲು ಗಟ್ಟಿಮುಟ್ಟಾಗಿದ್ದಳು, ಕೆನ್ನೆ ತುಂಬಿಕೊಂಡಿತ್ತು. ಅದೇ ಅವಳ ಗ್ರಹಚಾರ. ಸ್ವಲ್ಪ ಹೊತ್ತು ನಿಂತರೆ ಸಾಕು, ಎದೆ ಡವಡವ ಹೊಡೆದುಕೊಂಡು ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಕೂತರೆ ಸರಿಹೋಗುತ್ತಿತ್ತು. ಮ್ಯಾನೇಜರು ಮಾತ್ರ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ನಿನಗೊಬ್ಬಳಿಗೆ ಸ್ಟೂಲು ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ. ಸರ್ಕಾರದ ಕಾರ್ಡ್ ತಂದು ತೋರ್ಸು. ಇಲ್ಲಾಂದ್ರೆ ಬೇರೆ ಕಡೆ ಕೆಲಸ ನೋಡ್ಕೋ."

ಹೊರಗೆ ಕಾಣದ ತೊಂದರೆ ಇರುವವರಿಗೆ ಕಾರ್ಡ್ ಕೊಡುವ ಕಚೇರಿಯೊಂದು ಇತ್ತು. ಆ ಕಾರ್ಡ್ ತೋರಿಸಿದರೆ ಬಸ್ಸು, ಬ್ಯಾಂಕು, ಕೆಲಸದ ಜಾಗ, ಎಲ್ಲ ಕಡೆ ಕೂರಲು ಅನುಕೂಲ ಮಾಡಿಕೊಡಬೇಕು. ಆದರೆ ಕಾರ್ಡ್ ಪಡೆಯಬೇಕಾದರೆ ಸಾಲಿನಲ್ಲಿ ನಿಲ್ಲಬೇಕು! ಯಾವ ಪುಣ್ಯಾತ್ಮನ ತಲೆಗೆ ಹೊಳೆದ ಏರ್ಪಾಡೋ. ಹೋದ ವಾರ ಹೋದವಳು ಆ ಸಾಲಿನಲ್ಲೇ ದೊಪ್ಪನೆ ಬಿದ್ದಿದ್ದಳು. ಬೆಂಚಿನ ಮೇಲಿದ್ದವರು ಕೂತಲ್ಲಿಂದಲೇ, "ಬೆಳಗ್ಗೆ ತಿಂಡಿ ತಿಂದಿಲ್ವೇನೋ," ಎಂದು ಮಾತಾಡಿಕೊಂಡರೇ ಹೊರತು ಒಬ್ಬರೂ ಎದ್ದು ಜಾಗ ಬಿಡಲಿಲ್ಲ.

"ನಿನ್ನ ಮುಖ ನೋಡಿದ್ರೆ ಯಾರಿಗೆ ಕರುಣೆ ಬರುತ್ತೆ? ನನ್ನ ಕೋಲು ಹಿಡ್ಕೊಂಡು ನಡಿ," ಎಂದರು ಅತ್ತೆ, ಈ ಸಲ ತಾವೂ ಜೊತೆಗೆ ಹೊರಟು.

"ನಿಮಗೇ ಬೇಕಲ್ಲ ಅತ್ತೆ?"

"ನಾನು ನಿನ್ನ ಹೆಗಲು ಹಿಡ್ಕೋತೀನಿ."

ಹೀಗೆ ಕೋಲು ಬೇಡದವಳ ಕೈಯಲ್ಲಿ ಕೋಲು, ಬೇಕಾದವರು ಅವಳ ಹೆಗಲಿಗೆ ಜೋತುಬಿದ್ದು, ಮೆರವಣಿಗೆ ಹೊರಟಿತು. ಕಚೇರಿಯಲ್ಲಿ ಕೋಲು ಕಂಡದ್ದೇ ತಡ, ಬೆಂಚಿನಲ್ಲಿದ್ದವರು ಚಂಗನೆ ಎದ್ದರು. ಅತ್ತೆ ಸೊಸೆ ಇಬ್ಬರೂ ಕೂತರು. ಸುಳ್ಳಿಗೆ ಇಷ್ಟು ಮರ್ಯಾದೆಯೇ ಎಂದು ಸೊಸೆಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಸರದಿ ಬಂದಾಗ ಎದ್ದು ಕೌಂಟರಿಗೆ ಹೋದಳು. ಗುಮಾಸ್ತ ಕೋಲು ನೋಡಿದ. ಕಾಗದಗಳನ್ನು ಮುಟ್ಟಲೂ ಇಲ್ಲ.

"ಕಾಲಿನ ತೊಂದರೆಗೆ ಪಕ್ಕದ ಕಟ್ಟಡ. ಇಲ್ಲಿ ಹೊರಗೆ ಕಾಣದಿರೋ ತೊಂದರೆಗೆ ಮಾತ್ರ."

"ಕಾಲಿಗೇನೂ ಆಗಿಲ್ಲ ಸಾರ್. ಕೋಲು ನಮ್ಮತ್ತೇದು. ಡಾಕ್ಟರು ಎಲ್ಲ ಬರೆದುಕೊಟ್ಟಿದ್ದಾರೆ, ಒಂದ್ಸಲ ಓದಿ."

"ಓಹೋ, ನಾಟಕನಾ? ಕೋಲೇ ಸುಳ್ಳು ಅಂದ್ಮೇಲೆ ಕಾಯಿಲೆ ನಿಜ ಅಂತ ಹೇಗೆ ನಂಬೋದು? ಹೋಗಮ್ಮ, ಹೋಗು."

"ಕೋಲಿಲ್ದೆ ಬಂದಾಗ ಇಲ್ಲೇ ಬಿದ್ದಿದ್ದೆ, ಹೋದ ವಾರ. ನೀವೇ ನೋಡಿದ್ರಿ!"

"ಅದೂ ನಾಟಕವೇ ಇರಬಹುದು."

ಅಷ್ಟು ಹೊತ್ತು ನಿಂತದ್ದೇ ಹೆಚ್ಚಾಗಿತ್ತು. ಎದೆ ಹೊಡೆದುಕೊಳ್ಳತೊಡಗಿತು, ಗುಮಾಸ್ತನ ಮುಖ ಮಸುಕಾಯಿತು. ಬೀಳುವುದಕ್ಕಿಂತ ವಾಸಿ ಎಂದು ಅವಳು ಕೌಂಟರಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟಳು. "ದಾರಿಗೆ ಅಡ್ಡ ಕೂತ್ರೆ ಹೇಗಮ್ಮಾ?" ಎಂದು ಹಿಂದಿನವರು ಗೊಣಗಿದರು. ಬೆಂಚಿನಿಂದ ಎದ್ದು ಬಂದ ಅತ್ತೆ ಕೌಂಟರಿನ ಅಂಚು ಹಿಡಿದು ನಿಂತರು. ಅವರ ಮಂಡಿ ನಡುಗುತ್ತಿತ್ತು. ಗುಮಾಸ್ತನ ಕಣ್ಣಿಗೆ ಅದು ಕೂಡಲೇ ಬಿತ್ತು.

"ಅಯ್ಯೋ, ಅಜ್ಜಿ ನಿಂತಿದ್ದಾರಲ್ಲ! ಯಾರಪ್ಪಾ ಅಲ್ಲಿ, ಒಂದು ಕುರ್ಚಿ ತನ್ನಿ."

ಜವಾನ ಕುರ್ಚಿ ತಂದಿಟ್ಟ. ಅತ್ತೆ ಅದನ್ನು ಸೊಸೆಯ ಕಡೆಗೆ ದೂಡಿದರು. "ಏಳು, ಇದರ ಮೇಲೆ ಕೂತ್ಕೋ."

"ಅದು ನಿಮಗೆ, ಅಜ್ಜಿ," ಎಂದ ಗುಮಾಸ್ತ.

"ಗೊತ್ತಪ್ಪಾ. ನಾನು ನಿಂತಿದ್ರೆ ನಿನಗೆ ಸಂಕಟ ಆಗುತ್ತೆ, ನನಗೆ ಇನ್ನೊಂದು ತರಿಸ್ತೀಯ. ಅವಳಿಗೆ ತರಿಸಲ್ಲ."

ಗುಮಾಸ್ತ ಜವಾನನಿಗೆ ಕೈಸನ್ನೆ ಮಾಡಿದ. ಜವಾನ ಮತ್ತೆ ಒಳಕೋಣೆಯ ಬಾಗಿಲು ತೆಗೆದ. ಅಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳು ಧೂಳು ತಿನ್ನುತ್ತಿದ್ದವು. ಅದನ್ನು ಕಂಡು ಸೊಸೆಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆಯೂ ಕೂತ ಮೇಲೆ ಅವಳು ಕಾಗದಗಳನ್ನು ಮತ್ತೆ ಗುಮಾಸ್ತನ ಮುಂದೆ ತಳ್ಳಿದಳು.

"ಈಗ ಓದಿ ಸಾರ್. ನೀವು ಓದೋವರೆಗೂ ನಾವಿಬ್ರೂ ಏಳಲ್ಲ."

ಗುಮಾಸ್ತ ಕನ್ನಡಕ ಹುಡುಕಿ ಹಾಕಿಕೊಂಡು ಡಾಕ್ಟರು ಬರೆದದ್ದನ್ನು ಓದಿದ. ತಲೆಯೆತ್ತದೆ ಕಾರ್ಡಿಗೆ ಮುದ್ರೆ ಒತ್ತಿ ಕೊಟ್ಟ. ಅಷ್ಟಕ್ಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.