ಬಿಸಿಲಿಗಿಟ್ಟ ಕೈಗಳು

“ಬಾಗಿಲು ತೆಗೀಬೇಡಿ ದೊಡ್ಡಮ್ಮ,” ಎಂದು ಮಗಳು ಬಚ್ಚಲಮನೆಯೊಳಗಿಂದ ಕೂಗಿದಳು. ಕಿಟಕಿಗೆ ಕಂಬಳಿ ಕಟ್ಟಿ, ಮಂದ ಹಳದಿ ದೀಪದಲ್ಲಿ ಎರಡು ದ್ರಾವಣಗಳನ್ನು ಸಮಸಮ ಅಳೆದು ಬೋಗುಣಿಗೆ ಸುರಿಯುತ್ತಿದ್ದಳು. ಒಂದು ಹಸಿರು, ಇನ್ನೊಂದು ಕಿತ್ತಳೆ. ಬೆರೆಸಿ ಬಟ್ಟೆಗೆ ಹಚ್ಚಿದರೆ, ಬಿಸಿಲು ಬಿದ್ದಲ್ಲಿ ನೀಲಿ, ನೆರಳು ಬಿದ್ದಲ್ಲಿ ಬಿಳಿ. ಇಷ್ಟು ದಿನ ಬೆರೆಸುವುದು ಅಮ್ಮನ ಪಾಲು, ಹಚ್ಚುವುದು ಇವಳ ಪಾಲು. ಇವತ್ತು ಅಮ್ಮ ನಡುಮನೆಯಲ್ಲಿ ಕಣ್ಣುಮುಚ್ಚಿ ಮಲಗಿದ್ದಳು.

ಹಾಸಿಗೆ ಹಿಡಿದಿದ್ದಾಗ ಅಮ್ಮ ಕೇಳಿದ್ದು ಒಂದೇ. ತಾನು ಹೋದ ಮೇಲೆ ಹೊದಿಸುವ ಬಟ್ಟೆಯಲ್ಲಿ ಬಂದವರೆಲ್ಲರ ಕೈ ಅಚ್ಚಾಗಿರಬೇಕು. ಅವಳ ಅಕ್ಕನಿಗೆ, ಈ ದೊಡ್ಡಮ್ಮನಿಗೆ, ಇದು ಹಿಡಿಸಲಿಲ್ಲ. ಸಾವಿನ ಮನೆಯಲ್ಲಿ ಇದೆಂಥ ಮಕ್ಕಳಾಟ, ತಾನಂತೂ ಕೈಯಿಡುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು.

*

ಮನೆ ಕಟ್ಟುವವರ ನಕ್ಷೆಗಳಿಗೆ ನೀಲಿ ಪ್ರತಿ ತೆಗೆದುಕೊಡುವ ಅಂಗಡಿಯಲ್ಲಿ ಅಮ್ಮ ಈ ಕೆಲಸ ಕಲಿತದ್ದು. ಯಂತ್ರ ಬಂದು ಅಂಗಡಿ ಮುಚ್ಚಿದ ಮೇಲೆ ಎಲೆ, ಕಸೂತಿ, ಬೀಗದ ಕೈ, ಸಿಕ್ಕಿದ್ದನ್ನೆಲ್ಲ ಬಟ್ಟೆಯ ಮೇಲೆ ಅಚ್ಚು ತೆಗೆಯತೊಡಗಿದಳು. ಬೀದಿಯ ತುದಿಯ ದರ್ಜಿ ಒಂದು ದಿನ ಒಳ್ಳೆಯ ಹತ್ತಿಬಟ್ಟೆ ತಂದ.

“ಹಾಳಾದ್ರೆ?” ಎಂದ.

“ಹಾಳಾದ್ರೆ ನಾನೇ ನಿಮ್ಮನ್ನ ಕಟ್ಕೋತೀನಿ, ಸಾಕಾ?” ಎಂದಳು ಅಮ್ಮ.

ಅವಳು ಒಳಗೆ ದ್ರಾವಣ ಹಚ್ಚುತ್ತಿದ್ದಾಗ ದರ್ಜಿ ಕತ್ತಲಕೋಣೆಯ ಬಾಗಿಲು ತೆಗೆದ. ಬೆಳಕು ಬಿದ್ದು ಬಟ್ಟೆ ಪೂರ್ತಿ ಹಾಳಾಯಿತು. ಬೇಕೆಂದೇ ತೆಗೆದನೋ, ಅರಿಯದೆ ತೆಗೆದನೋ, ಅವಳನ್ನೇ ಮದುವೆಯಾಗಿ ಮೊಮ್ಮಕ್ಕಳಾದರೂ ಅವನು ಬಾಯಿ ಬಿಡಲಿಲ್ಲ.

*

ಒಣಗಿದ ಬಟ್ಟೆಯನ್ನು ಅಂಗಳದಲ್ಲಿ ಹಾಸಿದರು. ಸುತ್ತ ಕೂತು ಎಲ್ಲರೂ ಅಂಗೈ ಊರಿದರು. ಅಷ್ಟರಲ್ಲಿ ಹಾಳು ಮೋಡ ಬಂತು. ಬಿಸಿಲು ಮರಳುವವರೆಗೆ ಯಾರೂ ಅಲ್ಲಾಡಕೂಡದು ಎಂದಳು ಮಗಳು. ಬೇಕರಿಯವನ ಮೂಗು ತುರಿಸತೊಡಗಿತು. ಎದುರುಮನೆಯಾಕೆಯ ಕಣ್ಣೀರು ಗಲ್ಲಕ್ಕಿಳಿಯಿತು. ಕೈ ಬಿಡುವಾಗಿದ್ದವಳು ದೊಡ್ಡಮ್ಮ ಒಬ್ಬಳೇ. ಗೊಣಗುತ್ತಲೇ ಎದ್ದು ಇವನ ಮೂಗು ಕೆರೆದಳು, ಅವಳ ಕೆನ್ನೆ ಒರೆಸಿದಳು, ಒಬ್ಬನ ಕಿವಿಯಿಂದ ಸೊಳ್ಳೆ ಓಡಿಸಿದಳು.

ಆಗ ದರ್ಜಿ, ತಲೆ ಎತ್ತದೆ, ಮೆಲ್ಲಗೆ ಹೇಳಿದ: “ಅವತ್ತು ಬಾಗಿಲು ಬೇಕಂತಲೇ ತೆಗೆದೆ. ಅವಳಿಗೆ ಹೇಳೋಕಾಗಲೇ ಇಲ್ಲ.”

ದೊಡ್ಡಮ್ಮ ಅವನ ಹಣೆಯ ಬೆವರು ಒರೆಸುತ್ತಿದ್ದವಳು ಕೈ ತಡೆದಳು.

“ಅವಳು ಚಿಲಕ ಯಾಕೆ ಹಾಕಿರಲಿಲ್ಲ ಅಂದ್ಕೊಂಡೆ?”

ಮೊದಲು ಮಗಳು ನಕ್ಕಳು. ಆಮೇಲೆ ಅಂಗಳವೇ ನಕ್ಕಿತು. ಹೊಟ್ಟೆ ಕುಲುಕುತ್ತಿದ್ದರೂ ಅಂಗೈ ಮಾತ್ರ ಕದಲದಂತೆ ಹಲ್ಲುಕಚ್ಚಿ, ಉಸಿರು ಬಿಗಿಹಿಡಿದು ನಕ್ಕರು. ದರ್ಜಿಯ ಕಣ್ಣಲ್ಲಿ ನೀರು ಬಂತು. ಅದನ್ನೂ ದೊಡ್ಡಮ್ಮನೇ ಒರೆಸಿದಳು. ನಗುವಿನ ನಡುವೆಯೇ ಮೋಡ ಸರಿಯಿತು.

ಬಿಸಿಲು ಸಾಕೆನಿಸಿದಾಗ ಬಟ್ಟೆಯನ್ನು ತೊಟ್ಟಿಗೆ ಒಯ್ದದ್ದೂ ಅವಳೇ. “ಬಿಡೇ, ನಿನಗೆ ಜಾಲಾಡೋಕೆ ಬರಲ್ಲ,” ಎಂದು ಮಗಳನ್ನು ಆಚೆ ಸರಿಸಿದಳು. ಬಿಸಿಲು ತಾಗದ ದ್ರಾವಣ ಹಳದಿ ನೀರಾಗಿ ಹರಿದುಹೋದ ಹಾಗೆ ನೀಲಿಯ ನಡುವೆ ಅಂಗೈಗಳು ಬೆಳ್ಳಗೆ ಎದ್ದವು. ಅಗಲವಾದವು, ಸೊಟ್ಟ ಬೆರಳಿನವು, ಅಲ್ಲಾಡಿ ಮಸುಕಾದದ್ದೊಂದು. ಅವಳು ಒಂದೊಂದನ್ನೂ ನೋಡಿದಳು. ತನ್ನದಿರಲಿಲ್ಲ. ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಅಮ್ಮನಿಗೆ ಹೊದಿಸಿ ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ಎಲ್ಲರಿಗಿಂತ ಮುಂದೆ ದೊಡ್ಡಮ್ಮ ನಡೆದಳು. ಬೀದಿಯ ತಿರುವಿನಲ್ಲಿ ಅವಳು ಹಿಂದಿರುಗಿ ನೋಡಿದಾಗ, ಕೆನ್ನೆಯ ಉದ್ದಕ್ಕೂ ಬೆರಳುಗಳ ಗೆರೆಗಳು ನೀಲಿಯಾಗಿ ಮೂಡತೊಡಗಿದ್ದವು. ದರ್ಜಿ ಅದನ್ನು ನೋಡಿದ, ಮಗಳೂ ನೋಡಿದಳು.