ಐದೂವರೆ ಗಂಟೆಯ ಕಾಗದ

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷಕ್ಕೆ ನಾನು ಟೈಪ್ ಮಾಡಿದ್ದು ನಾಲ್ಕು ಸಾಲು. ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ, ಥಿಯರಿಯಲ್ಲಿ ತರಗತಿಗೇ ಮೊದಲು, ಟೈಪ್ ಮಾಡಿದ್ದು ಮಾತ್ರ ನಾಲ್ಕೇ ನಾಲ್ಕು ಸಾಲು! ಒಂದು ಸಾಲು ಮುಗಿದ ಮೇಲೆ ಕೆಳಗಿನ ಸಾಲಿಗೆ ಇಳಿಯುವುದು ಹೇಗೆಂದು ತಿಳಿಯದೆ, ಉಳಿದ ಜಾಗವನ್ನೆಲ್ಲ ಸ್ಪೇಸ್ ಒತ್ತಿ ಒತ್ತಿ ತುಂಬಿಸುತ್ತಿದ್ದೆ. ನಾನು ಪ್ರೋಗ್ರಾಂ ಬರೆಯಲು ಕಲಿತದ್ದು ಕಾಗದದ ಮೇಲೆ. ಕೋಡಿಂಗ್ ಶೀಟಿನಲ್ಲಿ ಸಾಲಿಗೆ ಎಂಬತ್ತು ಚೌಕ. ಎಂಬತ್ತೂ ಮುಗಿದರೆ ತಾನೇ ಮುಂದಿನ ಸಾಲು? ಹೊರಗಿನಿಂದ ಬಂದಿದ್ದ ಪರೀಕ್ಷಕರು ಬೆನ್ನ ಹಿಂದೆ ನಿಂತು, "ರಿಟರ್ನ್ ಕೀ ಒತ್ತಮ್ಮ" ಅಂದರು. ಅದೆಲ್ಲಿದೆ ಎಂದು ನಾನು ಹುಡುಕುತ್ತಿದ್ದರೆ ನಕ್ಕೇಬಿಟ್ಟರು. ಫೇಲಾದೆ.

ನಗದೆ ಏನು ಮಾಡಿಯಾರು! ಅದು ಎಂಬತ್ತಾರನೇ ಇಸವಿ. ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ನಮಗೆ ಇದ್ದದ್ದು ಮೂರು ಕಂಪ್ಯೂಟರ್ ಟರ್ಮಿನಲ್. ಹಗಲೆಲ್ಲ ಅವು ಮೇಷ್ಟ್ರುಗಳವು. ವಿದ್ಯಾರ್ಥಿಗಳಿಗೆ ಸಂಜೆ ಐದರಿಂದ ಎಂಟು. ಅದರಲ್ಲೂ ಹುಡುಗಿಯರು ಐದೂವರೆಗೆ ಎದ್ದು ಮನೆಗೆ ಹೋಗಬೇಕು. ಚಪ್ಪಲಿ ಹೊರಗೆ ಬಿಟ್ಟು, ಸರದಿಯಲ್ಲಿ ನಿಂತು, ಕುರ್ಚಿಯ ಹತ್ತಿರ ಬರುವಷ್ಟರಲ್ಲಿ ಅಟೆಂಡರ್ ಗುರುಸಿದ್ದಯ್ಯ, "ಹೆಣ್ಮಕ್ಳು ಏಳ್ರಮ್ಮ, ಟೈಮಾಯ್ತು" ಎಂದು ಕೂಗುತ್ತಿದ್ದ. ಹೀಗಾಗಿ ಎರಡು ವರ್ಷವೂ ನಾನು ಬರೆದುಕೊಟ್ಟೆ, ಲ್ಯಾಬಿನಲ್ಲಿ ನನ್ನ ಜೋಡಿಯಾಗಿದ್ದ ಮುನಿರಾಜು ಟೈಪ್ ಮಾಡಿದ. ಪರೀಕ್ಷೆಯ ದಿನ ಅವನ ಪ್ರೋಗ್ರಾಂ ಅರ್ಧ ತಪ್ಪು. ಆದರೂ ಸ್ಕ್ರೀನ್ ತುಂಬಿತ್ತು, ಪಾಸಾದ.

"ಬೇಜಾರ್ ಮಾಡ್ಕೋಬೇಡ ಕಣೇ ಹನುಮಕ್ಕ, ಮೂರು ವಾರಕ್ಕೆ ಮರುಪರೀಕ್ಷೆ ಇದ್ಯಲ್ಲ" ಅಂದ.

"ಮೂರು ವಾರ ದಿನಾ ಅರ್ಧ ಗಂಟೆ ಸರದೀಲಿ ನಿಂತ್ಕೊಂಡು ಏನ್ ಕಿತ್ತಾಕ್ಲೋ?" ಅಂದೆ. ಅದರಲ್ಲೂ ಫೇಲಾದರೆ ಒಂದು ವರ್ಷ ಮಣ್ಣುಪಾಲು.

ನೇರವಾಗಿ ವಿಭಾಗದ ಮುಖ್ಯಸ್ಥ ಸೋಮಲಿಂಗಪ್ಪನವರ ಕೋಣೆಗೆ ನುಗ್ಗಿದೆ. ಎಂಟರವರೆಗೂ ಕೂರಲು ಬಿಡಿ, ಬೇರೇನೂ ಬೇಡ ಎಂದು ಕೇಳಿದೆ. ಅವರು ನಿಧಾನವಾಗಿ ಒಂದು ಫೈಲು ತೆಗೆದರು.

"ಇದು ನಾನ್ ಮಾಡಿದ್ ರೂಲಲ್ಲಮ್ಮ. ಪೇರೆಂಟ್ಸೇ ಬರ್ಕೊಟ್ಟಿದ್ದು, ನೋಡು."

ನೋಡಿದೆ. 'ನಮ್ಮ ಹೆಣ್ಣುಮಕ್ಕಳನ್ನು ಸಂಜೆ ಐದೂವರೆಗೆ ತಪ್ಪದೆ ಮನೆಗೆ ಕಳುಹಿಸಿಕೊಡಬೇಕಾಗಿ ವಿನಂತಿ.' ಏಳು ಜನರ ಸಹಿ. ಮೊದಲನೆಯದು ನಮ್ಮಪ್ಪನದು. ಸಹಿ ಹಾಳಾಗಲಿ, ಇಡೀ ಕಾಗದವೇ ನಮ್ಮಪ್ಪನ ಕೈಬರಹ! ನಮ್ಮ ಮೂಡಲಪಾಳ್ಯದಲ್ಲಿ ಯಾರಿಗೆ ಅರ್ಜಿ ಬೇಕಾದರೂ ಬರೆದುಕೊಡುವ ಆ ಗುಂಡು ಗುಂಡು ಅಕ್ಷರವನ್ನು ಕತ್ತಲಲ್ಲೂ ಗುರುತು ಹಿಡಿಯುತ್ತೇನೆ.

ಮೈಯೆಲ್ಲ ಉರಿದುಹೋಯಿತು. ಕಾಗದ ಬರೆದದ್ದಕ್ಕಲ್ಲ. ಅಪ್ಪ ರಾಜಾಜಿನಗರದ ಫ್ಯಾಕ್ಟರಿಯಿಂದ ಬಂದು, ದಿನಾ ವಿಜಯನಗರದ ಬಸ್‌ಸ್ಟಾಪಿನಲ್ಲಿ ಸೈಕಲ್ ಹಿಡಿದು ನನಗಾಗಿ ಕಾಯುತ್ತಿದ್ದ. ಇವತ್ತೂ ಕಂಪ್ಯೂಟರ್ ಮುಟ್ಟೋಕೆ ಆಗಲಿಲ್ಲ ಎಂದು ನಾನು ದಾರಿಯುದ್ದಕ್ಕೂ ಗೋಳಾಡಿದರೆ, "ಅಯ್ಯೋ ಪಾಪ, ಅದ್ಯಾವ್ ನನ್ಮಗ ಮಾಡಿದ್ನೋ ಆ ರೂಲ" ಎಂದು ನನ್ನ ಜೊತೆ ತಾನೂ ಬೈಯುತ್ತಿದ್ದ. ಎರಡು ವರ್ಷ ಬೈದಿದ್ದಾನೆ!

ಆ ಸಂಜೆ ಬಸ್ಸಿಳಿದವಳೇ ಕೇಳಿದೆ. "ಕಾಗದ ಬರ್ದಿದ್ದು ನೀನೇನಾ?"

ಅಪ್ಪ ಸೈಕಲ್ ಬೆಲ್ಲಿನ ಮೇಲೆ ಬೆರಳಾಡಿಸಿದ. "ನಿನ್ ಒಳ್ಳೇದಕ್ಕೇ ಕಣವ್ವ. ನಿಮ್ಮ ಚಿಕ್ಕಪ್ಪ ಏನೇನೋ ಅಂದ. ಎಂಟ್ ಗಂಟೆಗಂಟ ಹುಡುಗ್ರು ಜೊತೆ..."

"ನನ್ನ ಒಂದ್ ಮಾತು ಕೇಳಿದ್ಯಾ?"

"ಹೋಗ್ಲಿ ಬಿಡು, ನಾಳೆ ಇನ್ನೊಂದ್ ಬರ್ಕೊಡ್ತೀನಿ. ಎಂಟ್ ಗಂಟೆಗಂಟ ಇರ್ಲಿ ಅಂತ."

"ಬೇಡ! ನೀನು ಇನ್ನೊಂದಕ್ಷರ ಬರೀಬೇಡ!"

ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ. ಕೂರಿಸುವುದಕ್ಕೂ ಅಪ್ಪನ ಕಾಗದ, ಎಬ್ಬಿಸುವುದಕ್ಕೂ ಅಪ್ಪನ ಕಾಗದ ಎಂದರೆ ಇಪ್ಪತ್ತೊಂದು ವರ್ಷದ ನಾನೇನು ಅಂಚೆಪೆಟ್ಟಿಗೆಯೇ? ಸೈಕಲ್ ಹತ್ತಲಿಲ್ಲ. ಮೂಡಲಪಾಳ್ಯದವರೆಗೂ ನಡೆದೇ ಹೋದೆ. ಅಪ್ಪ ಹಿಂದೆ ಸೈಕಲ್ ತಳ್ಳಿಕೊಂಡು ಬಂದ.

ಮಾರನೆಯ ದಿನ ಕೊನೆಯ ಕ್ಲಾಸಿಗೆ ಚಕ್ಕರ್ ಹೊಡೆದು, ನಾಲ್ಕೂವರೆಗೇ ಬಾಗಿಲಲ್ಲಿ ನಿಂತು, ಐದಕ್ಕೆ ಮೊದಲ ಕುರ್ಚಿ ಹಿಡಿದೆ. ಐದೂವರೆಗೆ ಗುರುಸಿದ್ದಯ್ಯ ಕೂಗಿದ. ಉಳಿದ ಹುಡುಗಿಯರು ಎದ್ದರು. ನಾನು ಏಳಲಿಲ್ಲ. ಅವನು ಮತ್ತೆ ಕೂಗಿದ, ಆಮೇಲೆ ಗೊಣಗುತ್ತ ಹೋಗಿ ಸೋಮಲಿಂಗಪ್ಪನವರನ್ನೇ ಕರೆತಂದ.

"ಏನಮ್ಮ ಇದು? ನಿಮ್ಮಪ್ಪನ್ನ ಕರೆಸ್ಬೇಕಾಗತ್ತೆ."

"ಹೊರಗೇ ಅವ್ರೆ ಸಾರ್, ಕರೀರಿ" ಅಂದೆ. ಬೆಳಗ್ಗೆ ನಾನು ಮನೆ ಬಿಡುವಾಗ ಮುಖ ನೋಡಿಯೇ ಏನೋ ಆಗುತ್ತದೆಂದು ಹೆದರಿ, ಅಪ್ಪ ಅರ್ಧ ದಿನ ರಜೆ ಹಾಕಿ ಬಂದಿದ್ದ. ಕಿಟಕಿಯಲ್ಲಿ ಆಗಲೇ ಕಂಡಿದ್ದೆ.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಕಂಪ್ಯೂಟರ್ ಕೋಣೆಯ ಚಳಿಗೆ ತೋಳು ಉಜ್ಜಿಕೊಂಡ. "ಕೆಂಚಪ್ಪನವರೇ, ಕಾಗದ ಬರೆದವರು ನೀವೇ. ನೀವೇ ಹೇಳಿ ಮಗಳಿಗೆ" ಅಂದರು ಸೋಮಲಿಂಗಪ್ಪ.

ಅಪ್ಪ ನನ್ನನ್ನು ನೋಡಿದ. ಈಗಲಾದರೂ ಒಂದು ಮಾತು ನನ್ನ ಪರವಾಗಿ ಆಡುತ್ತಾನೆ ಎಂದುಕೊಂಡೆ.

"ಏಳವ್ವ. ದೊಡ್ಡೋರು ಹೇಳ್ತಾವ್ರೆ. ಮನೇಲ್ ಮಾತಾಡಾಣ" ಅಂದ.

"ಏಳಲ್ಲ" ಅಂದೆ. "ಏನ್ ಬೇಕಾದ್ರೂ ಮಾಡ್ಕೊಳ್ಳಿ. ರಿಪೋರ್ಟ್ ಬರೀರಿ, ಪೊಲೀಸ್ನೋರ್ನ ಕರೀರಿ. ಎಂಟು ಹೊಡಿಯೋವರ್ಗೂ ಏಳಲ್ಲ."

ಟೈಪ್ ಮಾಡುತ್ತಲೇ ಇದ್ದೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದ ನಮ್ಮ ತರಗತಿಯ ಬಸವರಾಜೇಶ್ವರಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಸೋಮಲಿಂಗಪ್ಪನವರು "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನ್ ಜವಾಬ್ದಾರನಲ್ಲ" ಎಂದು ಹೊರಟುಹೋದರು.

ಹಾಗೆ ಮೂರು ವಾರ ಎಂಟರವರೆಗೆ ಕೂತೆ. ಅಪ್ಪ ದಿನಾ ಬಂದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದ. ಬಸ್ಸಿನಲ್ಲಿ ನಾನು ಮುಂದೆ, ಅವನು ಹಿಂದೆ. ಮಾತಿಲ್ಲ, ಕತೆಯಿಲ್ಲ. ಮರುಪರೀಕ್ಷೆಯಲ್ಲಿ ಪಾಸಾದೆ.

ಫಲಿತಾಂಶ ಬಂದ ದಿನ ಅಪ್ಪ ವಿಜಯನಗರದಿಂದ ಮೈಸೂರುಪಾಕು ತಂದು ಇಡೀ ಬೀದಿಗೆ ಹಂಚಿದ. ಅಮ್ಮ, ಚಿಕ್ಕಪ್ಪ, ಅಕ್ಕಪಕ್ಕದ ಮನೆಯವರು, ಎಲ್ಲರೂ ನಮ್ಮ ಜಗಲಿಯ ಮೇಲಿದ್ದರು.

"ಹೆಣ್ಮಗು ಅಂತ ನಾನ್ಯಾವತ್ತೂ ತಡೀಲಿಲ್ಲ ಕಣ್ರಪ್ಪ" ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. "ರಾತ್ರಿ ಎಂಟ್ ಗಂಟೆಗಂಟ ಬಿಟ್ಟಿದ್ದೆ. ಯಾವ್ ತಂದೆ ಬಿಡ್ತಾನೆ ಹೇಳಿ?"

ಚಿಕ್ಕಪ್ಪ ಹೌದೌದು ಎಂದು ತಲೆಯಾಡಿಸಿದ. ಅಮ್ಮ ನನ್ನ ಮುಖ ನೋಡಿ, ಬೇಡ ಎಂದು ಕಣ್ಣಲ್ಲೇ ಹೇಳಿದಳು.

"ಅಪ್ಪ ಬಿಡ್ಲಿಲ್ಲ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ನಾನು ಏಳ್ಲಿಲ್ಲ."